ಒಂದೇ ಕೊಡದ ನೀರು, ಒಂದೇ ಸಾಲಿನ ಊಟ



ಮೊದಲು ಒಂದು ಕಥೆ ಓದೋಣ. ದೇವದುರ್ಗ ತಾಲೂಕಿನ ಒಂದು ಹಳ್ಳಿಯಲ್ಲಿ ನಡೆಯಿತು ಎಂದು ತಿಳಿಯಿರಿ. ಕಥೆಯಲ್ಲಿ ಯಾರಿಗೂ ಹೆಸರಿಲ್ಲ. ಯಾಕೆಂದರೆ ಇದು ಯಾವ ಊರಲ್ಲಾದರೂ ನಡೆಯಬಹುದು.

ಸಂಜೆಯಾಗಿತ್ತು. ತಾಯಿ ಹತ್ತಿ ಬಿಡಿಸಿ ಮನೆಗೆ ಬಂದಳು. ಮಗಳು ಮೂಲೆಯಲ್ಲಿ ಕುಳಿತಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

"ಯವ್ವಾ, ನಾ ನಾಳಿಗಿ ಸಾಲಿಗಿ ಹೋಗಂಗಿಲ್ಲ."

"ಯಾಕವ್ವಾ? ಯಾರರ ಬಡದ್ರೇನು?"

"ಬಡದಿಲ್ಲ. ನೀರಿನ ಕೊಡ ಮುಟ್ಟಬ್ಯಾಡ ಅಂದ್ರು. ಊಟಕ್ಕ ನಮ್ಮ ಓಣಿ ಹುಡುಗರನ್ನ ಬ್ಯಾರೆ ಕುಂದ್ರಿಸಿದ್ರು."

ತಾಯಿ ಸುಮ್ಮನಾದಳು. ಅವಳಿಗೆ ತನ್ನ ಬಾಲ್ಯ ನೆನಪಾಯಿತು. ಮೂರನೇ ಇಯತ್ತೆಯಲ್ಲಿ ಅವಳಿಗೂ ಹೀಗೆಯೇ ಆಗಿತ್ತು. ಅಂದು ಶಾಲೆ ಬಿಟ್ಟವಳು ಮತ್ತೆ ಹೋಗಲಿಲ್ಲ. ಕಲಿತ ಅಕ್ಷರ ಮರೆತುಹೋಯಿತು. ಎಲ್ಲ ಕಾಗದಕ್ಕೂ ಹೆಬ್ಬೆಟ್ಟು ಒತ್ತಿದಳು. ಈಗ ರಾತ್ರಿ ಕಲಿಕೆ ಕೇಂದ್ರದಲ್ಲಿ ಮತ್ತೆ ಓದು ಬರಹ ಕಲಿತಿದ್ದಾಳೆ.

ಆ ರಾತ್ರಿ ಕೇಂದ್ರದಲ್ಲಿ ಅವಳು ವಿಷಯ ಹೇಳಿದಳು. ಒಬ್ಬ ಮುದುಕಿ ಅಂದಳು:

"ಹೋಗ್ಲಿ ಬಿಡಬೇ. ನಾವು ಅವರ ಹೊಲದಾಗ ದುಡಿಯೋರು. ನಾಳಿ ಕೆಲಸಕ್ಕ ಕರೀಲಿಲ್ಲಂದ್ರ ಏನು ತಿಂತಿ?"

ಮುದುಕಿಯ ಮಾತು ಸುಳ್ಳಲ್ಲ. ಎಲ್ಲರಿಗೂ ಆ ಭಯ ಇತ್ತು. ತಾಯಿ ಹೇಳಿದಳು:

"ನಮ್ಮವ್ವ ಕೂಲಿಗಿ ಹೆದರಿದ್ಲು. ನಾ ಸಾಲಿ ಬಿಟ್ಟೆ. ಈಗ ನಾ ಹೆದರಿದ್ರ ನನ್ನ ಮಗಳು ಬಿಡ್ತಾಳ. ಒಬ್ಬಾಕಿ ಹೋದ್ರ ಕೂಲಿ ಹೋಗ್ತದ. ಹತ್ತು ಮಂದಿ ಹೋದ್ರ ಹತ್ತಿ ಬಿಡಿಸೋರು ಯಾರು?"

ಮರುದಿನ ಹತ್ತು ಹೆಣ್ಣುಮಕ್ಕಳು ಶಾಲೆಗೆ ಹೋದರು. ಮುಖ್ಯ ಗುರುಗಳು "ಇದು ಊರಿನ ಪದ್ಧತಿ, ನಾನೇನು ಮಾಡಲಿ?" ಎಂದರು.

"ಊರಿನ ಪದ್ಧತಿ ಇರಬಹುದ್ರೀ. ಆದ್ರ ಸಾಲಿ ಸರಕಾರದ್ದು" ಎಂದಳು ತಾಯಿ. ಸೆರಗಿನಲ್ಲಿ ಕಟ್ಟಿಕೊಂಡಿದ್ದ ಅರ್ಜಿ ಕೊಟ್ಟಳು. ತಾನೇ ಬರೆದ ನಾಲ್ಕು ಸಾಲು. ಕೆಳಗೆ ಹತ್ತು ಸಹಿ. ಒಂದೂ ಹೆಬ್ಬೆಟ್ಟು ಇರಲಿಲ್ಲ.

ಶಾಲೆಯ ಸಮಿತಿ ಸಭೆ ಸೇರಿತು. ಮಕ್ಕಳು ತರಗತಿ ಪ್ರಕಾರ ಕೂತು ಉಣ್ಣಬೇಕು. ಕೊಡಕ್ಕೆ ನೀರು ತುಂಬುವ ಪಾಳಿ ಎಲ್ಲ ಮಕ್ಕಳಿಗೂ ಬರಬೇಕು. ಹೀಗೆ ತೀರ್ಮಾನ ಆಯಿತು. ಸಿಟ್ಟಾದ ಮೂರು ಮನೆಯವರು ತಮ್ಮ ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ. ಅಕ್ಕೋರು ಆ ಮನೆಗಳಿಗೆ ಹೋಗಿ ಮಾತಾಡಿದರು. ಇಬ್ಬರು ಮಕ್ಕಳು ಮರಳಿ ಬಂದರು. ಒಬ್ಬ ಬರಲಿಲ್ಲ. ಊರು ಒಂದೇ ದಿನಕ್ಕೆ ಬದಲಾಗಲಿಲ್ಲ. ಆದರೆ ಈ ಮಗಳು ಶಾಲೆ ಬಿಡಲಿಲ್ಲ.

ಇದು ಕಥೆ. ಇನ್ನು ನಿಜವಾಗಿ ನಡೆದದ್ದನ್ನು ತಿಳಿಯೋಣ.

ಗೋಣಿಚೀಲದ ಮೇಲೆ ಕೂತ ಹುಡುಗ

ಡಾ. ಬಿ. ಆರ್. ಅಂಬೇಡ್ಕರ್ ಅವರು 1891ರಲ್ಲಿ ಹುಟ್ಟಿದರು. ಮಹಾರಾಷ್ಟ್ರದ ಸಾತಾರಾದಲ್ಲಿ ಶಾಲೆಗೆ ಹೋದರು. ಅಲ್ಲಿ ಅವರನ್ನು ಬೇರೆ ಕೂಡಿಸುತ್ತಿದ್ದರು. ಕೂಡಲು ಮನೆಯಿಂದಲೇ ಗೋಣಿಚೀಲ ಒಯ್ಯಬೇಕಿತ್ತು. ನೀರಿನ ನಲ್ಲಿ ಮುಟ್ಟುವಂತಿರಲಿಲ್ಲ. ಶಾಲೆಯ ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ನೀರು. ಅವನು ಬರದ ದಿನ ಬಾಯಾರಿಕೆಯೇ ಗತಿ. ಆದರೂ ಅವರು ಓದು ಬಿಡಲಿಲ್ಲ. ಮುಂದೆ ನಮ್ಮ ದೇಶದ ಸಂವಿಧಾನ ಬರೆಯುವ ಸಮಿತಿಗೆ ಅಧ್ಯಕ್ಷರಾದರು.

ನಮ್ಮ ನಾಡಿನ ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ ಎಂಬ ವಕೀಲರಿದ್ದರು. ಅವರು ಬ್ರಾಹ್ಮಣರು. 1892ರಲ್ಲಿ ಅವರು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಅವರ ಜಾತಿಯವರೇ ಅವರನ್ನು ದೂರ ಇಟ್ಟರು. ಅವರು ಅಂಜಲಿಲ್ಲ. ಜಾತಿಭೇದ ಅಳಿಸುವುದು ನೋವುಂಡವರ ಕೆಲಸ ಮಾತ್ರವಲ್ಲ. ಎಲ್ಲ ಓಣಿಯವರ ಕೆಲಸ ಅದು.

ಅನ್ನ ಮಾಡುವ ಕೈ

ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಕೊಡುತ್ತಾರೆ. ಈ ಯೋಜನೆಯ ಹೆಸರು 'ಅಕ್ಷರ ದಾಸೋಹ'. ಇದು 2002ರ ಜೂನ್‌ನಲ್ಲಿ ಉತ್ತರ ಕರ್ನಾಟಕದ 7 ಜಿಲ್ಲೆಗಳಲ್ಲಿ ಶುರುವಾಯಿತು. ಅದರಲ್ಲಿ ನಮ್ಮ ರಾಯಚೂರು ಜಿಲ್ಲೆಯೂ ಒಂದು.

ದಾಸೋಹ ನಮಗೆ ಹೊಸ ಮಾತಲ್ಲ. ಬಸವಣ್ಣನವರ ಕಾಲದ ಶರಣೆ ಆಯ್ದಕ್ಕಿ ಲಕ್ಕಮ್ಮ ನಮ್ಮ ಪಕ್ಕದ ಲಿಂಗಸುಗೂರು ತಾಲೂಕಿನ ಅಮರೇಶ್ವರದವಳು. ಗಂಡ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಲಕ್ಕಮ್ಮ ಅದನ್ನೇ ಅಟ್ಟು ದಾಸೋಹ ಮಾಡುತ್ತಿದ್ದಳು. ಬಡವರ ಮನೆಯ ಅನ್ನವನ್ನು ಶರಣರು ಉಂಡರು.

ಆದರೆ 2015ರಲ್ಲಿ ಏನಾಯಿತು ನೋಡಿ. ಕೋಲಾರ ಜಿಲ್ಲೆ ಮುಳಬಾಗಿಲು ತಾಲೂಕಿನ ಒಂದು ಹಳ್ಳಿ ಶಾಲೆಯ ಸುದ್ದಿ ಪತ್ರಿಕೆಯಲ್ಲಿ ಬಂತು. ಅಲ್ಲಿ ಅಡುಗೆ ಮಾಡುವವರು ದಲಿತ ಮಹಿಳೆ. ಅದೇ ಕಾರಣಕ್ಕೆ ಅನೇಕ ಪಾಲಕರು ಮಕ್ಕಳನ್ನು ಶಾಲೆ ಬಿಡಿಸಿದರು. ನೂರಕ್ಕಿಂತ ಹೆಚ್ಚು ಮಕ್ಕಳಿದ್ದ ಶಾಲೆಯಲ್ಲಿ 18 ಮಕ್ಕಳು ಉಳಿದರು.

ಅಕ್ಕಿ ಬೆಳೆಯುವಾಗ ಸಸಿ ಹಚ್ಚುವವರು ಯಾರು? ಕಳೆ ತೆಗೆಯುವವರು ಯಾರು? ಆಗ ಇಲ್ಲದ ಮೈಲಿಗೆ ಅನ್ನ ಆದ ಮೇಲೆ ಎಲ್ಲಿಂದ ಬಂತು?

ಬಿಸಿಯೂಟದ ಅಡುಗೆ ಕೆಲಸಕ್ಕೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಿದೆ.

ಕಾನೂನು ಏನು ಹೇಳುತ್ತದೆ?

1. ಸಂವಿಧಾನ 1950ರಲ್ಲಿ ಜಾರಿಗೆ ಬಂತು. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಮುಟ್ಟಬೇಡ ಎನ್ನುವುದು ಅಪರಾಧ.

2. ಇದಕ್ಕೆ ಶಿಕ್ಷೆ ಕೊಡುವ ಕಾಯ್ದೆ 1955ರಲ್ಲಿ ಬಂತು. 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು.

3. ಶಿಕ್ಷಣ ಹಕ್ಕು ಕಾಯ್ದೆ 2010ರಲ್ಲಿ ಜಾರಿಯಾಯಿತು. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಸಿಗಬೇಕು. ಶಾಲೆಯಲ್ಲಿ ಭೇದ ಮಾಡಬಾರದು. ಶಾಲೆಯ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು.

ನಾವು ಏನು ಮಾಡಬಹುದು?

ಮಗು ಶಾಲೆಯಿಂದ ಬಂದಾಗ ಮೂರು ಮಾತು ಕೇಳೋಣ. ಇವತ್ತು ಎಲ್ಲಿ ಕೂತಿದ್ದಿ? ನೀರು ಹೇಗೆ ಕುಡಿದಿ? ಯಾರ ಸಂಗಡ ಉಂಡಿ?

ಭೇದ ಕಂಡರೆ ಒಬ್ಬರೇ ಹೋಗಬೇಡಿ. ನಾಲ್ಕು ಜನ ಕೂಡಿ ಹೋಗಿ. ಮುಖ್ಯ ಗುರುಗಳಿಗೆ ಅರ್ಜಿ ಬರೆದು ಕೊಡಿ. ಶಾಲೆಯ ಸಮಿತಿಯಲ್ಲಿ (ಎಸ್‌ಡಿಎಂಸಿ) ಮಾತಾಡಿ. ಅಲ್ಲಿ ಕೆಲಸ ಆಗದಿದ್ದರೆ ತಾಲೂಕಿನ ಬಿಇಒ ಕಚೇರಿಗೆ ಹೋಗಿ. ಅರ್ಜಿಯ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಅದರ ಮೇಲೆ ಸಹಿ, ತಾರೀಖು ಹಾಕಿಸಿಕೊಳ್ಳಿ. ದಲಿತರ ಮೇಲಿನ ದೌರ್ಜನ್ಯದ ದೂರಿಗೆ 14566 ಎಂಬ ಉಚಿತ ಫೋನ್ ಸಂಖ್ಯೆಯೂ ಇದೆ.

ಬೇರೆ ಓಣಿಯ ಅಕ್ಕಂದಿರಿಗೂ ಒಂದು ಮಾತು. ಮಗು ಹುಟ್ಟುವಾಗ ಜಾತಿ ಅರಿಯದು. "ಅವರ ಕೂಡ ಕುಂದ್ರಬ್ಯಾಡ" ಎಂದು ಮನೆಯಲ್ಲಿ ನಾವೇ ಕಲಿಸುತ್ತೇವೆ. ಕಲಿಸಿದವರೇ ಅದನ್ನು ಬಿಡಿಸಲೂ ಬಲ್ಲರು. ಇವತ್ತಿನಿಂದ ಆ ಮಾತು ಆಡುವುದಿಲ್ಲ ಎಂದು ನಿಶ್ಚಯ ಮಾಡೋಣ.

ಕೂಡಿ ಚರ್ಚೆ ಮಾಡಿ

1. ಮುದುಕಿಗೆ ಯಾಕೆ ಭಯ ಆಯಿತು? ಆ ಭಯ ನಿಮಗೂ ಇದೆಯೇ?
2. ನಿಮ್ಮ ಊರ ಶಾಲೆಯಲ್ಲಿ ನೀರಿನ ಕೊಡ ಯಾರು ತುಂಬುತ್ತಾರೆ?
3. ನಿಮ್ಮ ಶಾಲೆಯ ಸಮಿತಿಯಲ್ಲಿ ಎಷ್ಟು ಮಹಿಳೆಯರಿದ್ದಾರೆ? ಸಭೆಯಲ್ಲಿ ಅವರು ಮಾತಾಡುತ್ತಾರೆಯೇ?

ಓದಿ, ನೋಡಿ ಬರೆಯಿರಿ

ಮುಖ್ಯ ಗುರುಗಳಿಗೆ ನಮಸ್ಕಾರ. ನಮ್ಮ ಮಕ್ಕಳನ್ನು ಊಟಕ್ಕೆ ಬೇರೆ ಕೂಡಿಸುತ್ತಿದ್ದಾರೆ. ಇದು ಕಾನೂನಿಗೆ ವಿರುದ್ಧ. ಎಲ್ಲ ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂಡಿಸಬೇಕೆಂದು ಕೇಳುತ್ತೇವೆ.

ಇದರ ಕೆಳಗೆ ನಿಮ್ಮ ಊರು, ತಾರೀಖು ಬರೆಯಿರಿ. ನಿಮ್ಮ ಸಹಿ ಹಾಕಿ.