ಕಂಪೆನಿಯ ಸಮಾಪನ ಮತ್ತು ನ್ಯಾಯಾಲಯದ ಮೇಲ್ವಿಚಾರಣೆ

ಮನುಷ್ಯನಿಗೆ ಹುಟ್ಟು ಸಾವುಗಳಿರುವಂತೆ ಕಂಪೆನಿಗೂ ಉಂಟು. ವ್ಯತ್ಯಾಸವೇನೆಂದರೆ, ಕಂಪೆನಿ ಕಾಯಿದೆಯಿಂದ ಹುಟ್ಟಿದ ವ್ಯಕ್ತಿ. ಅದರ ಅಂತ್ಯವೂ ಕಾಯಿದೆಯ ಪ್ರಕಾರವೇ ಆಗಬೇಕು. ಬಾಗಿಲಿಗೆ ಬೀಗ ಹಾಕಿದ ಮಾತ್ರಕ್ಕೆ ಕಂಪೆನಿ ಅಳಿಯುವುದಿಲ್ಲ. ಅದರ ಆಸ್ತಿಯನ್ನು ಮಾರಿ, ಸಾಲಗಳನ್ನು ತೀರಿಸಿ, ಉಳಿದುದನ್ನು ಷೇರುದಾರರಿಗೆ ಹಂಚಿದ ಮೇಲೆಯೇ ಅದು ವಿಸರ್ಜನೆಯಾಗುವುದು. ಈ ಕಾರ್ಯಕ್ಕೆ ಸಮಾಪನವೆಂದು ಹೆಸರು. ಇದನ್ನು ನಡೆಸುವವನೇ ಲಿಕ್ವಿಡೇಟರ್.

1956ರ ಕಂಪೆನಿ ಕಾಯಿದೆ ಸಮಾಪನದ ಮೂರು ವಿಧಗಳನ್ನು ಹೇಳಿತ್ತು. ಮೊದಲನೆಯದು ನ್ಯಾಯಾಲಯದ ಆಜ್ಞೆಯಿಂದ ಆಗುವುದು. ಎರಡನೆಯದು ಸದಸ್ಯರು ತಾವಾಗಿಯೇ ನಿರ್ಣಯ ಮಾಡಿ ಮುಚ್ಚುವುದು. ಮೂರನೆಯದು ಇವೆರಡರ ನಡುವಿನ ದಾರಿ: ಸ್ವಇಚ್ಛೆಯಿಂದ ಆರಂಭವಾದ ಸಮಾಪನವನ್ನು ನ್ಯಾಯಾಲಯದ ಮೇಲ್ವಿಚಾರಣೆಗೆ ಒಳಪಡಿಸುವುದು. ಇಂಗ್ಲೆಂಡಿನ 1862ರ ಕಾಯಿದೆಯಲ್ಲಿಯೇ ಇದಕ್ಕೆ ಅವಕಾಶವಿತ್ತು. ನಮ್ಮ ಕಾಯಿದೆಯ 522ನೆಯ ಕಲಮಿನ ಪ್ರಕಾರ, ಲಿಕ್ವಿಡೇಟರನು ಎಂದಿನಂತೆ ಕೆಲಸ ನಡೆಸುತ್ತಿದ್ದರೂ, ಸಾಲ ಕೊಟ್ಟವರು ಮತ್ತು ಷೇರುದಾರರು ನ್ಯಾಯಾಲಯದ ಬಾಗಿಲು ತಟ್ಟಬಹುದಾಗಿತ್ತು. ನ್ಯಾಯಾಲಯ ಬೇಕೆಂದರೆ ಇನ್ನೊಬ್ಬ ಲಿಕ್ವಿಡೇಟರನನ್ನೂ ನೇಮಿಸಬಹುದಾಗಿತ್ತು.

ಕಂಪೆನಿ ತಾನಾಗಿಯೇ ಮುಚ್ಚುವಾಗ ನ್ಯಾಯಾಲಯಕ್ಕೇನು ಕೆಲಸ ಎಂದು ಕೆಲವರು ಕೇಳಬಹುದು. ಮುಚ್ಚುವ ನಿರ್ಣಯ ಮಾಡುವವರು ಷೇರುದಾರರು. ಆದರೆ ಅದರ ಫಲ ಉಣ್ಣುವವರು ಕಾರ್ಮಿಕರು, ಸರಕು ಕೊಟ್ಟ ವರ್ತಕರು, ಸಾಲ ಕೊಟ್ಟ ಬ್ಯಾಂಕುಗಳು. ನಿರ್ಣಯ ಮಾಡಿದ ಸಭೆಯಲ್ಲಿ ಇವರಿಗೆ ಮತವಿಲ್ಲ. ಆದುದರಿಂದ ನಿಷ್ಪಕ್ಷಪಾತವಾದ ಮೂರನೆಯ ಕಣ್ಣೊಂದು ಬೇಕಾಗುತ್ತದೆ.

ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನೇ ನೋಡೋಣ. 1961ರಲ್ಲಿ ಮೋಟಾರು ಸೈಕಲ್ ತಯಾರಿಕೆಯನ್ನು ಆರಂಭಿಸಿ, ಮುಂದೆ ‘ಯೆಜ್ಡಿ’ ಎಂಬ ಹೆಸರಿನಿಂದ ದೇಶದಲ್ಲೆಲ್ಲ ಪ್ರಸಿದ್ಧವಾದ ಈ ಕಾರ್ಖಾನೆ 1996ರಲ್ಲಿ ನಿಂತುಹೋಯಿತು. ಅದರದು ಸ್ವಇಚ್ಛೆಯ ಸಮಾಪನವಲ್ಲ. ಉಚ್ಚ ನ್ಯಾಯಾಲಯದ ಆಜ್ಞೆಯಿಂದ ಆದದ್ದು. ಆದರೂ ಅದರಿಂದ ಒಂದು ಪಾಠವುಂಟು. ಯಂತ್ರ, ಕಟ್ಟಡ, ಭೂಮಿಗಳಲ್ಲದೆ ‘ಯೆಜ್ಡಿ’ ಎಂಬ ಹೆಸರು ಸಹ ಆಸ್ತಿಯೇ ಎಂಬ ವಾದ ಎದ್ದಿತು. ಕಾರ್ಖಾನೆ ನಿಂತು ಇಪ್ಪತ್ತಾರು ವರ್ಷಗಳಾದ ಮೇಲೆ, 2022ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಆ ಹೆಸರಿನ ಹಕ್ಕಿನ ಬಗ್ಗೆ ತೀರ್ಪು ಕೊಟ್ಟಿತು. ಅದರ ಮೇಲೆ ಮೇಲ್ಮನವಿಯೂ ಆಯಿತು. ಮುಚ್ಚಿದ ಕಂಪೆನಿಯ ಲೆಕ್ಕ ಮುಗಿಯುವುದು ಎಷ್ಟು ಕಷ್ಟವೆಂಬುದು ಇದರಿಂದ ತಿಳಿಯುತ್ತದೆ.

ಕಾರ್ಮಿಕರ ವಿಷಯದಲ್ಲಿ ಕಾಯಿದೆ ನಿಧಾನವಾಗಿಯಾದರೂ ಮುಂದೆ ಸಾಗಿದೆ. ಸಮಾಪನದ ಅರ್ಜಿಯ ವಿಚಾರಣೆಯಲ್ಲಿ ಕಾರ್ಮಿಕರ ಮಾತನ್ನೂ ಕೇಳಬೇಕೆಂದು ಸರ್ವೋಚ್ಚ ನ್ಯಾಯಾಲಯ 1982ರಲ್ಲಿ ಹೇಳಿತು. 1985ರ ತಿದ್ದುಪಡಿಯಿಂದ ಅವರ ಬಾಕಿಗೆ, ಒತ್ತೆ ಇಟ್ಟುಕೊಂಡು ಸಾಲ ಕೊಟ್ಟವರಿಗೆ ಸಮನಾದ ಸ್ಥಾನ ದೊರೆಯಿತು.

ಆದರೆ 2013ರ ಕಂಪೆನಿ ಕಾಯಿದೆಯಲ್ಲಿ ಮೇಲ್ವಿಚಾರಣೆಯ ಮೂರನೆಯ ವಿಧಕ್ಕೆ ಸ್ಥಾನವಿಲ್ಲ. ಸ್ವಇಚ್ಛೆಯ ಸಮಾಪನ ಈಗ 2016ರ ದಿವಾಳಿ ಸಂಹಿತೆಯ 59ನೆಯ ಕಲಮಿಗೆ ಸೇರಿದೆ. ಸಾಲವಿಲ್ಲ ಅಥವಾ ಸಾಲವನ್ನು ಪೂರ್ತಿ ತೀರಿಸಬಲ್ಲೆವು, ಯಾರನ್ನೂ ವಂಚಿಸಲು ಮುಚ್ಚುತ್ತಿಲ್ಲ ಎಂದು ನಿರ್ದೇಶಕರಲ್ಲಿ ಬಹುಮತದವರು ಪ್ರಮಾಣಪತ್ರ ಕೊಡಬೇಕು. ನಾಲ್ಕು ವಾರಗಳೊಳಗೆ ಸದಸ್ಯರ ನಿರ್ಣಯವಾಗಬೇಕು. ಸಾಲವಿದ್ದರೆ, ಮೊತ್ತದಲ್ಲಿ ಮೂರನೆಯ ಎರಡು ಭಾಗದಷ್ಟು ಸಾಲ ಕೊಟ್ಟವರು ಏಳು ದಿನಗಳಲ್ಲಿ ಒಪ್ಪಬೇಕು. ಲಿಕ್ವಿಡೇಟರನು ಯಾರದಾದರೂ ಬಾಕಿಯ ಬೇಡಿಕೆಯನ್ನು ತಳ್ಳಿಹಾಕಿದರೆ ಹದಿನಾಲ್ಕು ದಿನಗಳಲ್ಲಿ ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಮಂಡಳಿಗೆ ಮೇಲ್ಮನವಿ ಮಾಡಿಕೊಳ್ಳಬಹುದು. ಎಲ್ಲವೂ ಮುಗಿದ ಮೇಲೆ ವಿಸರ್ಜನೆಯ ಆಜ್ಞೆ ಕೊಡುವುದೂ ಅದೇ ಮಂಡಳಿ. ಮೈಸೂರಿನ ಕಂಪೆನಿಗಳು ಅದರ ಬೆಂಗಳೂರು ಪೀಠಕ್ಕೆ ಸೇರಿದವು.

ಈ ಕ್ರಮದಿಂದ ವೇಗ ಹೆಚ್ಚಿದೆ ಎನ್ನಬಹುದು. ಆದರೂ ನನಗೆ ತೋರುವುದಿಷ್ಟು: ಹಿಂದಿನ ಮೇಲ್ವಿಚಾರಣೆ ದಾರಿಯುದ್ದಕ್ಕೂ ಜೊತೆಯಲ್ಲಿ ನಡೆಯುತ್ತಿತ್ತು, ಇಂದಿನದು ಕರೆದಾಗ ಬರುತ್ತದೆ, ಕೊನೆಗೆ ಮುದ್ರೆ ಒತ್ತುತ್ತದೆ. ತನ್ನ ಬಾಕಿಯ ಕಾಗದವನ್ನು ಹಿಡಿದು ಹದಿನಾಲ್ಕು ದಿನಗಳಲ್ಲಿ ಬೆಂಗಳೂರಿಗೆ ಹೋಗಬಲ್ಲ ಕಾರ್ಮಿಕನಿಗೆ ಕಾಯಿದೆ ನೆರವಾಗುತ್ತದೆ. ಹಾಗೆ ಹೋಗಲಾರದವನಿಗೆ ಆ ಕಾಯಿದೆಯನ್ನು ತಿಳಿಸಿ ಹೇಳುವುದು, ಓದು ಕಲಿತ ನಮ್ಮಂತಹವರ ಕರ್ತವ್ಯವೆಂದು ಭಾವಿಸುತ್ತೇನೆ.