ಉಪವಾಸವೋ, ವ್ಯಾಧಿಯೋ? – ಅನಶನ ತಪದ ಒಂದು ವಿವೇಚನೆ

ಅನಶನ, ಅವಮೋದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ – ಇವು ಆರು ಬಾಹ್ಯ ತಪಗಳು. ಮೊದಲಿನ ನಾಲ್ಕೂ ಆಹಾರಕ್ಕೆ ಸಂಬಂಧಿಸಿದವು. ಆದುದರಿಂದ ಶ್ರಾವಕರ ಮನೆಗಳಲ್ಲಿ ಊಟ ಬಿಡುವವರಿಗೆ ಸಹಜವಾಗಿಯೇ ಗೌರವ ಸಲ್ಲುತ್ತದೆ. ಆದರೆ ಊಟ ಬಿಟ್ಟುದೆಲ್ಲವೂ ಅನಶನವಲ್ಲ. ಈ ಭೇದವನ್ನು ಅರಿಯದಿದ್ದಲ್ಲಿ ವ್ಯಾಧಿಯೊಂದು ವ್ರತದ ವೇಷ ಧರಿಸಿ ಮನೆಯೊಳಗೆ ನೆಲಸೀತು.

ಅನಶನದ ಲಕ್ಷಣ

ಚಾಮರಾಜನಗರ ಸೀಮೆಯ ಮಲೆಯೂರಿನ ಕನಕಗಿರಿಯನ್ನು ಪೂಜ್ಯಪಾದಾಚಾರ್ಯರ ತಪೋಭೂಮಿಯೆಂದು ಪರಂಪರೆಯು ಸ್ಮರಿಸುತ್ತ ಬಂದಿದೆ. ತತ್ತ್ವಾರ್ಥಸೂತ್ರಕ್ಕೆ ಅವರು ರಚಿಸಿದ ಸರ್ವಾರ್ಥಸಿದ್ಧಿಯೆಂಬ ವೃತ್ತಿಯಲ್ಲಿ ಅನಶನದ ಪ್ರಯೋಜನವನ್ನು ಹೇಳುವಾಗ, ಕಣ್ಣಿಗೆ ಕಾಣುವ ಫಲದ ಅಪೇಕ್ಷೆ ಇರಬಾರದೆಂಬುದನ್ನೇ ಮೊದಲಿಗಿಟ್ಟಿದ್ದಾರೆ. ಸಂಯಮದ ಸಿದ್ಧಿ, ರಾಗದ ಉಚ್ಛೇದ, ಕರ್ಮದ ನಾಶ, ಧ್ಯಾನ ಹಾಗೂ ಆಗಮಜ್ಞಾನದ ಪ್ರಾಪ್ತಿ – ಇವೇ ಅದರ ಉದ್ದೇಶಗಳು. ಮೈ ತೆಳ್ಳಗಾಗುವುದೂ ಕಣ್ಣಿಗೆ ಕಾಣುವ ಫಲವೇ. ಕನ್ನಡಿಗಾಗಿ ಮಾಡಿದ ಉಪವಾಸವು ಶರೀರದ ಮೇಲಿನ ರಾಗವನ್ನು ಕಡಿಯದೆ ಅದನ್ನೇ ಬೆಳೆಸುತ್ತದೆ.

ಒಂದು ನಿದರ್ಶನ

ಗುಂಡ್ಲುಪೇಟೆಯಿಂದ ತೆರಕಣಾಂಬಿ ಮಾರ್ಗವಾಗಿ ಚಾಮರಾಜನಗರದ ಕಾಲೇಜಿಗೆ ಹೋಗಿಬರುವ ಓರ್ವ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ದಶಲಕ್ಷಣ ಪರ್ವದಲ್ಲಿ ಆಕೆ ಏಕಾಶನ ಮಾಡಿದಳು. ಎಲ್ಲರೂ ಮೆಚ್ಚಿದರು, ‘ಮೈಯೂ ಇಳಿದಿದೆ, ಚೆನ್ನಾಗಿ ಕಾಣುತ್ತೀಯೆ’ ಎಂದು ನೆಂಟರೊಬ್ಬರು ಹೇಳಿದರು. ಪರ್ವ ಮುಗಿಯಿತು, ಆಕೆಯ ಉಪವಾಸ ಮುಗಿಯಲಿಲ್ಲ. ಅಷ್ಟಮಿ ಚತುರ್ದಶಿಗಳಿಗೆ ಬೇರೆ ತಿಥಿಗಳು ಸೇರಿದವು. ಬುತ್ತಿಯು ದಾರಿಯಲ್ಲಿ ಯಾರ ಪಾಲಿಗೋ ಹೋಯಿತು. ದಿನಕ್ಕೆ ಹಲವು ಬಾರಿ ತೂಕ ನೋಡಿಕೊಳ್ಳುವುದು, ಸೊರಗಿದ ಮೈಯನ್ನೂ ದಪ್ಪವೆಂದೇ ಕಾಣುವುದು, ಪಾರಣೆಯೆಂದರೆ ಹೆದರುವುದು – ಇವು ತಾಯಿಯ ಕಣ್ಣಿಗೆ ಬಿದ್ದವು. ವ್ರತಿಗೆ ಪಾರಣೆಯು ವ್ರತದ ಅಂಗ. ಈಕೆಗೆ ಅದೇ ಸೋಲೆಂದು ತೋರಿತು. ವ್ರತಕ್ಕೂ ವ್ಯಾಧಿಗೂ ಇರುವ ಗೆರೆ ಇಲ್ಲಿಯೇ.

ವೈದ್ಯಶಾಸ್ತ್ರದ ಮತ

ಇದು ಹೊಸ ರೋಗವಲ್ಲ. 1873ರಲ್ಲಿಯೇ ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಲಾಸೆಗ್ ಎಂಬ ವೈದ್ಯರು ಇದನ್ನು ಪ್ರತ್ಯೇಕವಾಗಿ ವಿವರಿಸಿದರು. ಇದಕ್ಕೆ ‘ಅನೊರೆಕ್ಸಿಯ ನರ್ವೋಸ’ ಎಂದು ಹೆಸರು. ಒಮ್ಮೆಗೇ ಅತಿಯಾಗಿ ತಿಂದು ಬಳಿಕ ವಾಂತಿ ಮಾಡಿಕೊಳ್ಳುವ ‘ಬುಲಿಮಿಯ’ ಇನ್ನೊಂದು ಬಗೆ. ತಲೆಸುತ್ತು, ಸದಾ ಚಳಿ, ಕೂದಲುದುರುವಿಕೆ, ಮುಟ್ಟು ನಿಲ್ಲುವುದು, ನಾಡಿಯ ಮಂದಗತಿ ಇವುಗಳ ಚಿಹ್ನೆಗಳಲ್ಲಿ ಸೇರಿವೆ. ವಾಂತಿಯಿಂದ ರಕ್ತದಲ್ಲಿ ಪೊಟ್ಯಾಸಿಯಂ ಕುಗ್ಗಿ ಹೃದಯದ ಬಡಿತ ತಪ್ಪುವುದುಂಟು, ಪ್ರಾಣಹಾನಿಯೂ ಸಂಭವಿಸುತ್ತದೆ. ಗಂಡುಮಕ್ಕಳಿಗೂ ಈ ವ್ಯಾಧಿ ತಗಲುತ್ತದೆ.

ಶಲ್ಯದ ವಿಚಾರ

ಶಲ್ಯವಿಲ್ಲದವನೇ ವ್ರತಿಯೆಂದು ಶಾಸ್ತ್ರವು ಹೇಳುತ್ತದೆ. ಮಾಯೆ, ಮಿಥ್ಯಾತ್ವ, ನಿದಾನ – ಇವು ಮೂರು ಶಲ್ಯಗಳು, ಅಂದರೆ ಒಳಗೆ ನೆಟ್ಟ ಮುಳ್ಳುಗಳು. ಮೇಲಿನ ನಿದರ್ಶನದಲ್ಲಿ ಮರೆಮಾಚುವಿಕೆಯೂ, ಶರೀರದ ಬಗೆಗಿನ ವಿಪರೀತ ದೃಷ್ಟಿಯೂ, ರೂಪದ ಹಂಬಲವೂ ಕೂಡಿವೆ. ಹಾಗೆಂದು ಆ ಹುಡುಗಿಯನ್ನು ದೂಷಿಸಲಾಗದು. ಅವು ರೋಗದ ಲಕ್ಷಣಗಳು, ಗುಣದೋಷಗಳಲ್ಲ. ಮುಳ್ಳು ನೆಟ್ಟವನನ್ನು ಯಾರೂ ಬಯ್ಯುವುದಿಲ್ಲ, ತೆಗೆಯಬಲ್ಲವರಲ್ಲಿಗೆ ಕರೆದೊಯ್ಯುತ್ತಾರೆ. ಆಯುರ್ವೇದದಲ್ಲಿ ಶಸ್ತ್ರಚಿಕಿತ್ಸೆಗೆ ಶಲ್ಯತಂತ್ರವೆಂದೇ ಹೆಸರು. ಮನಸ್ಸಿನ ಮುಳ್ಳಿಗೂ ಅಂತಹ ಕುಶಲರು ಬೇಕು.

ಅಶುಚಿ ಅನುಪ್ರೇಕ್ಷೆಯನ್ನು ಮುಂದಿಟ್ಟು ‘ಶರೀರವು ಹೇಯವೇ ತಾನೆ’ ಎನ್ನುವವರುಂಟು. ಆ ಭಾವನೆಯು ವೈರಾಗ್ಯಕ್ಕಾಗಿ ಹೇಳಿದ್ದು, ದ್ವೇಷಕ್ಕಾಗಿ ಅಲ್ಲ. ದ್ವೇಷವೂ ರಾಗದಂತೆಯೇ ಬಂಧಕ್ಕೆ ಕಾರಣ. ಸದಾ ಸೊಂಟದ ಅಳತೆಯನ್ನೇ ಚಿಂತಿಸುವವರು ದೇಹವನ್ನು ಮರೆತವರಲ್ಲ.

ಚಿಕಿತ್ಸೆಯ ಕ್ರಮ

ಮೊದಲು ಊರಿನ ಸರ್ಕಾರಿ ಆಸ್ಪತ್ರೆಯ ವೈದ್ಯರಲ್ಲಿ ನಾಡಿ, ರಕ್ತಪರೀಕ್ಷೆಗಳನ್ನು ಮಾಡಿಸತಕ್ಕದ್ದು. ಬಹುಕಾಲ ಹಸಿದ ದೇಹಕ್ಕೆ ಒಮ್ಮೆಗೇ ಹೆಚ್ಚು ಉಣಿಸುವುದು ಅಪಾಯಕರ. ದೀರ್ಘೋಪವಾಸದ ಪಾರಣೆಯಂತೆ ಇದೂ ಕ್ರಮವಾಗಿ, ವೈದ್ಯರ ಕಣ್ಣೆದುರಿಗೆ ನಡೆಯಬೇಕು. ಬಳಿಕ ಚಾಮರಾಜನಗರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಹೆಚ್ಚಿನ ಚಿಕಿತ್ಸೆಗೆ 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿ-ಮನಸ್ ಸೇವೆಯ 14416 ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ‘ಸಂಬಂಧ ಕೇಳಲು ಬರುವವರಿಗೆ ತಿಳಿದರೇನು ಗತಿ’ ಎಂದು ಅಂಜಬೇಕಾಗಿಲ್ಲ. ರೋಗಿಯ ಗೋಪ್ಯತೆಯನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ರಕ್ಷಿಸುತ್ತದೆ.

ಎಳೆಯ ವಯಸ್ಸಿನವರಿಗೆ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಕುಟುಂಬಾಧಾರಿತ ಚಿಕಿತ್ಸೆಯು ಫಲಕಾರಿಯೆಂದು ಕಂಡುಬಂದಿದೆ. ಇದರಲ್ಲಿ ತಂದೆತಾಯಿಗಳೇ ಮೊದಲು ಊಟದ ಹೊಣೆ ಹೊತ್ತು, ಮಗು ಚೇತರಿಸಿಕೊಂಡಂತೆ ಆ ಹೊಣೆಯನ್ನು ಮರಳಿ ಒಪ್ಪಿಸುತ್ತಾರೆ. ಬೆಳೆದವರಿಗೆ ಆಲೋಚನೆ, ನಡವಳಿಕೆಗಳನ್ನು ತಿದ್ದುವ ಆಪ್ತ ಸಮಾಲೋಚನೆಯುಂಟು.

ಇದರಿಂದ ಧರ್ಮಕ್ಕೆ ಲೋಪ ಬರುವುದೆಂದು ಭಯಪಡಬೇಕಾಗಿಲ್ಲ. ರಾತ್ರಿಭೋಜನ ತ್ಯಾಗವನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ, ಸಾಧ್ಯವಾದಷ್ಟೂ ಸೂರ್ಯಾಸ್ತದೊಳಗೆ ಊಟಗಳನ್ನು ಹೊಂದಿಸಿಕೊಡಬಲ್ಲರು. ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಪ್ರಾಣಿಜನ್ಯ ಜಿಲೆಟಿನ್ನಿನದು. ಬದಲಿಗೆ ಮಾತ್ರೆ ಇದೆಯೇ ಎಂದು ಕೇಳಬಹುದು. ಗುಣವಾಗುವವರೆಗೆ ಉಪವಾಸವನ್ನು ಗುರುಗಳಲ್ಲಿ ನಿವೇದಿಸಿ ನಿಲ್ಲಿಸತಕ್ಕದ್ದು. ಶಕ್ತಿಗೆ ತಕ್ಕಂತೆ ತಪ ಎಂಬುದು ಷೋಡಶ ಭಾವನೆಗಳಲ್ಲಿಯೇ ಸೇರಿದೆ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನವೆಂಬ ಆರು ಅಂತರಂಗ ತಪಗಳಿಗೆ ಒಂದು ತುತ್ತನ್ನೂ ಬಿಡಬೇಕಾಗಿಲ್ಲ.

ಮನೆಯವರ ಕರ್ತವ್ಯ

ಮೈಕಟ್ಟನ್ನು ಹೊಗಳುವುದನ್ನೂ ಹಳಿಯುವುದನ್ನೂ ಬಿಡತಕ್ಕದ್ದು. ಉಪಗೂಹನವೆಂದರೆ ಇನ್ನೊಬ್ಬರ ದೋಷವನ್ನು ಬೀದಿಗೆ ತರದಿರುವುದು. ರೋಗವನ್ನು ವೈದ್ಯರಿಂದ ಮುಚ್ಚಿಡುವುದಲ್ಲ. ಜಾರುತ್ತಿರುವವರನ್ನು ಹಿಡಿದು ನಿಲ್ಲಿಸುವುದು ಸ್ಥಿತಿಕರಣ. ರೋಗಿಯ ಸೇವೆ ವೈಯಾವೃತ್ಯ. ಮಗಳೊಡನೆ ಆಸ್ಪತ್ರೆಯ ಬಾಗಿಲಲ್ಲಿ ಕಾದು ಕುಳಿತ ತಾಯಿಯೂ ಆ ಹೊತ್ತು ತಪಸ್ಸಿನಲ್ಲಿಯೇ ಇರುತ್ತಾಳೆ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಅನಶನದಲ್ಲಿ ಯಾವ ಫಲದ ಅಪೇಕ್ಷೆ ಸಲ್ಲದು? ಏಕೆ?
2. ಪಾರಣೆಯ ಭಯವು ಏನನ್ನು ಸೂಚಿಸುತ್ತದೆ?
3. ಉಪಗೂಹನಕ್ಕೂ ರೋಗವನ್ನು ಮುಚ್ಚಿಡುವುದಕ್ಕೂ ಭೇದವೇನು?