ಸೇವಾನಿರತ ಶುಶ್ರೂಷಕಿಯೂ ದೂರಶಿಕ್ಷಣದ ಪದವಿಯೂ

ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾವನ್ನು ಮುಗಿಸಿ, ತಾಲ್ಲೂಕು ಆಸ್ಪತ್ರೆಯಲ್ಲಿಯೋ ಖಾಸಗಿ ನರ್ಸಿಂಗ್ ಹೋಮಿನಲ್ಲಿಯೋ ಹಗಲುಪಾಳಿ ರಾತ್ರಿಪಾಳಿಗಳ ನಡುವೆ ಸಂಸಾರವನ್ನೂ ನಡೆಸಿಕೊಂಡು ಬರುತ್ತಿರುವ ಶುಶ್ರೂಷಕಿಯರಿಗೆ, ಸಂಬಳವನ್ನು ಬಿಟ್ಟು ಎರಡು ವರ್ಷ ಕಾಲೇಜಿನಲ್ಲಿ ಕುಳಿತು ಪದವಿಯನ್ನು ಸಂಪಾದಿಸುವುದು ಬಹುಮಟ್ಟಿಗೆ ಕೈಗೂಡದ ಮಾತು. ಅವರಲ್ಲಿ ಅನೇಕರಿಗೆ ವಿದ್ಯೆಯ ಹಂಬಲವುಂಟು, ಅನುಭವವುಂಟು, ಅರ್ಹತೆಯೂ ಉಂಟು. ಇಲ್ಲದಿರುವುದು ಬಿಡುವು ಮಾತ್ರ. ಈ ಒಂದು ಕೊರತೆಯನ್ನು ಅರಿತೇ ದಲ್ಲಾಳಿಗಳು ಬಸ್ ನಿಲ್ದಾಣದ ಗೋಡೆಗಳ ಮೇಲೂ ಮೊಬೈಲಿನ ಸಂದೇಶಗಳಲ್ಲಿಯೂ ‘ಡ್ಯೂಟಿ ಬಿಡದೆ ಬಿ.ಎಸ್‌ಸಿ. ನರ್ಸಿಂಗ್, ನಾನ್-ಅಟೆಂಡಿಂಗ್, ಪರೀಕ್ಷೆಗೆ ಬಂದರೆ ಸಾಕು’ ಎಂಬ ಆಹ್ವಾನವನ್ನು ಹರಡುತ್ತಿರುವುದರಿಂದ, ಕೆಲಸದಲ್ಲಿದ್ದುಕೊಂಡೇ ಪದವಿಯನ್ನು ಪಡೆಯಲು ಕಾನೂನು ಒಪ್ಪುವ ಮಾರ್ಗ ಯಾವುದು, ಒಪ್ಪದ ಮಾರ್ಗ ಯಾವುದು, ಹಣ ಕಟ್ಟುವ ಮೊದಲು ಯಾರನ್ನು ಏನೆಂದು ಕೇಳುವ ಅಧಿಕಾರ ಇವರಿಗಿದೆ ಎಂಬುದನ್ನು ಸಾವಧಾನವಾಗಿ ವಿವರಿಸುವುದು ಆವಶ್ಯಕವೆಂದು ಭಾವಿಸುತ್ತೇನೆ.

ಶುಶ್ರೂಷಾ ಪದವಿಯ ಬೆಲೆ ಅದರ ಕಾಗದದಲ್ಲಿಲ್ಲ. ಒಂದರ ಮೇಲೊಂದು ನಿಂತಿರುವ ಮೂರು ಮಾನ್ಯತೆಗಳಲ್ಲಿದೆ. ಮೊದಲನೆಯದು, ಪದವಿಯನ್ನು ಪ್ರದಾನಮಾಡುವ ಸಂಸ್ಥೆಗೆ ಆ ಅಧಿಕಾರವಿದೆಯೇ ಎಂಬುದು. 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧಿನಿಯಮದ 22ನೆಯ ಪ್ರಕರಣದ ಮೇರೆಗೆ, ಕೇಂದ್ರದ ಅಥವಾ ರಾಜ್ಯದ ಅಧಿನಿಯಮದಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಕ್ಕೆ, ಅಂತಹ ಸ್ಥಾನಮಾನವನ್ನು ಪಡೆದ ಸಂಸ್ಥೆಗೆ, ಇಲ್ಲವೆ ಸಂಸತ್ತು ವಿಶೇಷವಾಗಿ ಅಧಿಕಾರವಿತ್ತ ಸಂಸ್ಥೆಗೆ ಮಾತ್ರ ಪದವಿ ಕೊಡುವ ಹಕ್ಕುಂಟು. ‘ಅಕಾಡೆಮಿ’, ‘ಮಿಷನ್’, ‘ಕೌನ್ಸಿಲ್’ ಎಂಬ ಗಂಭೀರ ನಾಮಧೇಯಗಳಿಂದ ಆ ಹಕ್ಕು ಹುಟ್ಟುವುದಿಲ್ಲ. ಎರಡನೆಯದು, ಆ ಅರ್ಹತೆಯನ್ನು ಭಾರತೀಯ ಶುಶ್ರೂಷಾ ಪರಿಷತ್ತು ಅಂಗೀಕರಿಸಿದೆಯೇ ಎಂಬುದು. 1947ರ ಅಧಿನಿಯಮದಂತೆ ಅಂಗೀಕೃತ ಅರ್ಹತೆಗಳ ಅನುಸೂಚಿಯೇ ಇದೆ. ಮೂರನೆಯದು, ರಾಜ್ಯದ ಶುಶ್ರೂಷಾ ಪರಿಷತ್ತು ಆ ಪದವಿಯನ್ನು ತನ್ನ ನೋಂದಣಿ ಪುಸ್ತಕದಲ್ಲಿ ದಾಖಲಿಸುತ್ತದೆಯೇ ಎಂಬುದು. ನಮ್ಮ ರಾಜ್ಯದಲ್ಲಿ ಈ ಕಾರ್ಯವು 1961ರ ಶುಶ್ರೂಷಕಿಯರು, ಸೂಲಗಿತ್ತಿಯರು ಹಾಗೂ ಆರೋಗ್ಯ ಸಂದರ್ಶಕಿಯರ ಅಧಿನಿಯಮದಡಿಯಲ್ಲಿ ನಡೆದುಬಂದಿದೆ. ಈ ಮೂರರಲ್ಲಿ ಒಂದು ಇಲ್ಲವಾದರೂ ಉಳಿದೆರಡರಿಂದ ಪ್ರಯೋಜನವಿಲ್ಲ. 2023ರಲ್ಲಿ ಸಂಸತ್ತು ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿವಿದ್ಯಾ ಆಯೋಗದ ಅಧಿನಿಯಮವನ್ನು ಅಂಗೀಕರಿಸಿ, ಹಳೆಯ ಪರಿಷತ್ತಿನ ಸ್ಥಾನದಲ್ಲಿ ಹೊಸ ಆಯೋಗವನ್ನು ನಿಲ್ಲಿಸುವ ವ್ಯವಸ್ಥೆಯನ್ನು ಮಾಡಿದೆ. ಆದರೆ ಅಧಿಕಾರಸ್ಥಾನದ ಹೆಸರು ಬದಲಾದ ಮಾತ್ರಕ್ಕೆ ಕೇಳಬೇಕಾದ ಈ ಮೂರು ಪ್ರಶ್ನೆಗಳು ಬದಲಾಗುವುದಿಲ್ಲ.

ಇನ್ನು ದೂರಶಿಕ್ಷಣದ ವಿಚಾರ. ಮುಕ್ತ ಮತ್ತು ದೂರಶಿಕ್ಷಣವನ್ನು ಕುರಿತು ಅನುದಾನ ಆಯೋಗವು 2020ರಲ್ಲಿ ಹೊರಡಿಸಿದ ನಿಯಮಾವಳಿಯು ವೈದ್ಯಕೀಯ, ದಂತವೈದ್ಯ, ಔಷಧಶಾಸ್ತ್ರ, ಕಾನೂನು ಮುಂತಾದವುಗಳೊಡನೆ ಶುಶ್ರೂಷಾಶಾಸ್ತ್ರವನ್ನೂ ದೂರದಿಂದ ಕಲಿಸಕೂಡದ ವಿಷಯಗಳ ಸಾಲಿನಲ್ಲಿಯೇ ಇರಿಸಿದೆ. ಹೀಗಿರುವಾಗ ದ್ವಿತೀಯ ಪಿ.ಯು.ಸಿ. ಮುಗಿಸಿದ ಹುಡುಗಿಯೊಬ್ಬಳಿಗೆ ‘ಮನೆಯಲ್ಲಿಯೇ ಓದಿ ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್ ಪಡೆಯಬಹುದು’ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಅಸತ್ಯವೆಂದು ನಿಸ್ಸಂಶಯವಾಗಿ ತಿಳಿಯಬಹುದು. ಆದರೆ ಈ ನಿಯಮಾವಳಿಗೂ ಮುಂಚಿನಿಂದಲೇ ಸೇವಾನಿರತ ಶುಶ್ರೂಷಕಿಯರ ಪಾಲಿಗೆ ತೆರೆದಿದ್ದ ಸುಪ್ರಸಿದ್ಧ ದ್ವಾರವೆಂದರೆ, 1985ರ ಸಂಸದೀಯ ಅಧಿನಿಯಮದಿಂದ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು, ಅಂದರೆ ಜನರ ಬಾಯಲ್ಲಿರುವ ಇಗ್ನೋ, 1994ರಿಂದ ಪರಿಷತ್ತಿನ ಅಂಗೀಕಾರದೊಡನೆ ನಡೆಸಿಕೊಂಡು ಬಂದ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ನರ್ಸಿಂಗ್ ಕೋರ್ಸು. ಸಾಮಾನ್ಯ ಕಾಲೇಜಿನಲ್ಲಿ ಎರಡು ವರ್ಷದಲ್ಲಿ ಮುಗಿಯುವ ಈ ಕೋರ್ಸು ಇಲ್ಲಿ ಕನಿಷ್ಠ ಮೂರು ವರ್ಷಗಳದು, ಪ್ರವೇಶಪರೀಕ್ಷೆಯೂ ಉಂಟು. ತಾನು ಸೇರಬೇಕೆಂದಿರುವ ವರ್ಷದಲ್ಲಿ ಪ್ರವೇಶ ನಡೆಯುತ್ತಿದೆಯೇ, ಆ ವರ್ಷಕ್ಕೆ ಅಂಗೀಕಾರವಿದೆಯೇ ಎಂಬುದನ್ನು ವಿಶ್ವವಿದ್ಯಾಲಯದ ಪ್ರಕಟಣೆಯಿಂದಲೂ ಪರಿಷತ್ತಿನ ಪಟ್ಟಿಯಿಂದಲೂ ಪ್ರತ್ಯಕ್ಷವಾಗಿ ನೋಡಿಯೇ ಮುಂದುವರಿಯತಕ್ಕದ್ದು. ಏಕೆಂದರೆ ಮಾನ್ಯತೆಯೆಂಬುದು ವರ್ಷವರ್ಷಕ್ಕೂ ಪರಿಶೀಲಿಸಬೇಕಾದ ವಸ್ತು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕೋರ್ಸುಗಳಿಗೆ 2012-13ರ ಅನಂತರ ಅನುದಾನ ಆಯೋಗದ ಮಾನ್ಯತೆ ಮುಂದುವರಿಯದೆ, 2018ರಲ್ಲಿ ಅದು ಪುನಃ ದೊರೆಯುವವರೆಗೂ ಸಾವಿರಾರು ವಿದ್ಯಾರ್ಥಿಗಳು ಅನುಭವಿಸಿದ ಸಂಕಟವು ನಮ್ಮ ರಾಜ್ಯದ ಜನರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ.

ಈ ಕೋರ್ಸಿಗೆ ಯಾರು ಅರ್ಹರು? ಜಿ.ಎನ್.ಎಂ. ಮುಗಿಸಿ ಶುಶ್ರೂಷಕಿಯಾಗಿಯೂ ಪ್ರಸೂತಿ ಶುಶ್ರೂಷಕಿಯಾಗಿಯೂ ನೋಂದಣಿಯಾಗಿ, ಪಿ.ಯು.ಸಿ. ಆದವರಾದರೆ ನೋಂದಣಿಯ ಅನಂತರ ಎರಡು ವರ್ಷ ಸೇವೆ ಸಲ್ಲಿಸಿರಬೇಕು. ಹತ್ತನೆಯ ತರಗತಿಯ ಆಧಾರದ ಮೇಲೆ ಹಿಂದಿನ ಕಾಲದಲ್ಲಿ ಡಿಪ್ಲೊಮಾ ಪಡೆದವರಿಗೆ ಇಗ್ನೋವಿನ ಪ್ರವೇಶ ಪ್ರಕಟಣೆಗಳು ಐದು ವರ್ಷಗಳ ಸೇವೆಯನ್ನು ವಿಧಿಸಿವೆ. ಪ್ರಸೂತಿವಿದ್ಯೆಯ ಶಿಕ್ಷಣವಿಲ್ಲದ ಪುರುಷ ಶುಶ್ರೂಷಕರು ಅದಕ್ಕೆ ಬದಲಾಗಿ ಮನೋರೋಗ ಶುಶ್ರೂಷೆ, ಶಸ್ತ್ರಚಿಕಿತ್ಸಾ ಕೊಠಡಿಯ ಕೆಲಸ, ಸಮುದಾಯ ಆರೋಗ್ಯ ಮೊದಲಾದ ಯಾವುದಾದರೊಂದರಲ್ಲಿ ಪರಿಷತ್ತು ಒಪ್ಪಿದ ತರಬೇತಿಯ ಪ್ರಮಾಣಪತ್ರವನ್ನು ಒದಗಿಸಬೇಕು. ಎ.ಎನ್.ಎಂ. ತರಬೇತಿಯಷ್ಟೇ ಇರುವ ಸೋದರಿಯರಿಗೆ ನೇರವಾಗಿ ಇಲ್ಲಿ ಪ್ರವೇಶವಿಲ್ಲ; ಇದನ್ನು ಮರೆಮಾಚಿ ಅವರಿಂದ ಮುಂಗಡ ವಸೂಲು ಮಾಡುವುದು ನಾನು ಕಂಡ ವಂಚನೆಗಳಲ್ಲಿ ಅತ್ಯಂತ ನಿರ್ದಯವಾದದ್ದು.

ಹಾಜರಾತಿಯೇ ಬೇಡವೆಂಬ ಮಾತು ಏಕೆ ಸುಳ್ಳೆಂಬುದು ಈ ಶಿಕ್ಷಣದ ಒಳಗಿನ ರೀತಿಯನ್ನು ನೋಡಿದರೆ ಮಾತ್ರ ಸ್ಪಷ್ಟವಾಗುತ್ತದೆ. ಪಾಠದ ಪುಸ್ತಕಗಳು ಅಂಚೆಯಲ್ಲಿ ಬರಬಹುದು, ಉತ್ತರಗಳನ್ನು ಮನೆಯಲ್ಲಿ ಬರೆದು ಕಳುಹಿಸಬಹುದು. ಆದರೆ ಪ್ರಾಯೋಗಿಕ ಭಾಗಕ್ಕಾಗಿ ಅಧ್ಯಯನ ಕೇಂದ್ರವಾಗಿ ನಿಯುಕ್ತವಾದ ನರ್ಸಿಂಗ್ ಕಾಲೇಜಿಗೂ ಅದರ ಆಸ್ಪತ್ರೆಗೂ ಸ್ವತಃ ಹೋಗಿ, ಮೇಲ್ವಿಚಾರಕರ ಎದುರಿನಲ್ಲಿ ಕೆಲಸ ಮಾಡಿ, ಲಾಗ್ ಪುಸ್ತಕದಲ್ಲಿ ಅವರ ಸಹಿಯನ್ನು ಪಡೆಯಲೇಬೇಕು. ಹತ್ತು ವರ್ಷಗಳಿಂದ ಕಣ್ಣುಮುಚ್ಚಿಕೊಂಡೇ ಡ್ರಿಪ್ ಹಾಕಬಲ್ಲ ಸಿಸ್ಟರಿಗೆ ಅಲ್ಲಿ ಕೊಡುವ ಕೆಲಸವೇ ಬೇರೆ: ಸಿಸೇರಿಯನ್ ಆದ ತಾಯಿಯೊಬ್ಬಳ ಹಾಸಿಗೆಯ ಪಕ್ಕದಲ್ಲಿ ನಿಂತು, ನಾಡಿ, ರಕ್ತದೊತ್ತಡ, ಗಾಯದ ಸ್ಥಿತಿ, ಇನ್‌ಟೇಕ್-ಔಟ್‌ಪುಟ್ ಚಾರ್ಟಿನ ಅಂಕೆಗಳು, ಎದೆಹಾಲು ಕುಡಿಸಲು ಆಕೆಗಿರುವ ಭಯ ಇವೆಲ್ಲವನ್ನೂ ಗುರುತುಹಾಕಿಕೊಂಡು, ಇವುಗಳಲ್ಲಿ ಮೊದಲು ಗಮನಿಸಬೇಕಾದದ್ದು ಯಾವುದು, ಏತಕ್ಕಾಗಿ, ಕೈಗೊಂಡ ಕ್ರಮದಿಂದ ಸಂಜೆಯ ಹೊತ್ತಿಗೆ ಆದ ಫಲವೇನು ಎಂಬುದನ್ನು ಕೇರ್ ಪ್ಲಾನಿನ ಅಂಕಣಗಳಲ್ಲಿ ಕಾರಣಸಹಿತವಾಗಿ ಬರೆಯುವುದು. ಡಿಪ್ಲೊಮಾದಿಂದ ಪದವಿಗೆ ಏರುವ ಮೆಟ್ಟಿಲು ಇದೇ ಆಗಿರುವುದರಿಂದ, ಇದನ್ನು ಬಿಟ್ಟು ಕೊಡುವ ಪದವಿಯನ್ನು ಪರಿಷತ್ತು ನಿರಾಕರಿಸಿದರೆ ಅದು ರೋಗಿಯ ರಕ್ಷಣೆಗಾಗಿಯೇ ಎಂದು ಒಪ್ಪಬೇಕಾಗುತ್ತದೆ.

ಆದಕಾರಣ ಉದ್ಯೋಗದಾತರ ಸಮ್ಮತಿಯ ಪ್ರಶ್ನೆ ಮೊದಲ ದಿನದಿಂದಲೇ ಏಳುತ್ತದೆ. ಸರ್ಕಾರಿ ಸೇವೆಯಲ್ಲಿರುವವರು ಅರ್ಜಿ ಹಾಕುವ ಮುನ್ನವೇ ಇಲಾಖೆಯ ಅನುಮತಿಯನ್ನು ಲಿಖಿತವಾಗಿ ಪಡೆಯುವುದು ಕ್ಷೇಮ. ವ್ಯಾಸಂಗದ ರಜೆಯನ್ನು ಕೇಳಬಹುದಾದರೂ ಅದನ್ನು ಮಂಜೂರು ಮಾಡುವುದು ಮೇಲಧಿಕಾರಿಯ ವಿವೇಚನೆಗೆ ಸೇರಿದ್ದು. ಖಾಸಗಿ ಆಸ್ಪತ್ರೆಯಲ್ಲಿರುವವರು ‘ಸರಿ, ಹೋಗಮ್ಮ, ನೋಡೋಣ’ ಎಂಬ ಬಾಯಿಮಾತನ್ನು ನಂಬಿ ನಿಲ್ಲದೆ, ಸಂಪರ್ಕ ತರಗತಿಗಳ ದಿನಗಳಲ್ಲಿ ಪಾಳಿಯನ್ನು ಹೊಂದಿಸಿಕೊಡುವುದಾಗಿ ಒಂದು ಪತ್ರವನ್ನು ಮುದ್ರೆಸಹಿತ ಪಡೆದಿಡಬೇಕು. ಅನುಭವದ ಪ್ರಮಾಣಪತ್ರದಲ್ಲಿ ಸೇರಿದ ದಿನಾಂಕ, ಹುದ್ದೆ, ನೋಂದಣಿ ಸಂಖ್ಯೆ ಇವು ಪರಿಷತ್ತಿನ ದಾಖಲೆಗೆ ಅಕ್ಷರಶಃ ಹೊಂದುವಂತಿರಬೇಕು. ಮದುವೆಯ ಅನಂತರ ಹೆಸರು ಬದಲಾದವರು ಈ ಕಾರಣದಿಂದಲೇ ವೃಥಾ ಅಲೆಯುವುದುಂಟು. ಕೆಲವು ಆಸ್ಪತ್ರೆಗಳು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಮೂಲ ಅಂಕಪಟ್ಟಿಗಳನ್ನು ತೆಗೆದುಕೊಂಡು ಬೀರುವಿನಲ್ಲಿಟ್ಟು, ಬಿಟ್ಟುಹೋಗುವ ಮಾತೆತ್ತಿದರೆ ಹಿಂತಿರುಗಿಸದಿರುವ ಪದ್ಧತಿಯನ್ನು ಇನ್ನೂ ಬಿಟ್ಟಿಲ್ಲ. ವಿದ್ಯಾರ್ಹತೆಯ ಪ್ರಮಾಣಪತ್ರವು ಒತ್ತೆಯಿಡತಕ್ಕ ಸ್ವತ್ತಲ್ಲವೆಂದು ನ್ಯಾಯಾಲಯಗಳು ಹಲವು ಪ್ರಸಂಗಗಳಲ್ಲಿ ಹೇಳಿವೆ. ಆದ್ದರಿಂದ ಸ್ವೀಕೃತಿಯೊಡನೆ ಅಂಚೆಯಲ್ಲಿ ಒಂದು ಬೇಡಿಕೆಪತ್ರವನ್ನು ಕಳುಹಿಸಿ, ಫಲಿಸದಿದ್ದರೆ ವಕೀಲರ ನೋಟೀಸನ್ನು ಕೊಡಿಸುವುದಕ್ಕೆ ಹಿಂಜರಿಯಬೇಕಾಗಿಲ್ಲ.

ಮಾಹಿತಿ ಹಕ್ಕಿನ 2005ರ ಅಧಿನಿಯಮವು ಸಾಮಾನ್ಯ ಶುಶ್ರೂಷಕಿಯ ಕೈಯಲ್ಲಿರುವ ಅತ್ಯಂತ ಸುಲಭವಾದ ಸಾಧನ. ಹತ್ತು ರೂಪಾಯಿಯ ಶುಲ್ಕದೊಡನೆ ಸಂಬಂಧಪಟ್ಟ ಪರಿಷತ್ತಿನ ಅಥವಾ ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಿದರೆ, ಮೂವತ್ತು ದಿನಗಳೊಳಗೆ ಉತ್ತರ ಕೊಡುವುದು ಅವರ ಕರ್ತವ್ಯ. ಪ್ರಶ್ನೆಯನ್ನು ಮಾತ್ರ ಜಾಗರೂಕತೆಯಿಂದ ರಚಿಸಬೇಕು. ‘ಈ ಕೋರ್ಸು ಒಳ್ಳೆಯದೇ?’ ಎಂದು ಕೇಳಿದರೆ ಅಭಿಪ್ರಾಯ ಹೇಳಲು ಅವರು ಬದ್ಧರಲ್ಲ. ‘ಇಂತಹ ಸಂಸ್ಥೆಯು ಇಂತಹ ಶೈಕ್ಷಣಿಕ ವರ್ಷದಲ್ಲಿ ನಡೆಸುವ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ನರ್ಸಿಂಗ್ ಕೋರ್ಸಿಗೆ ಅಂಗೀಕಾರವಿತ್ತ ಆದೇಶದ ದೃಢೀಕೃತ ಪ್ರತಿಯನ್ನು ಒದಗಿಸುವುದು. ಅಂತಹ ಆದೇಶವು ದಾಖಲೆಯಲ್ಲಿ ಇಲ್ಲದಿದ್ದರೆ ಹಾಗೆಂದೇ ತಿಳಿಸುವುದು’ ಎಂದು ಬರೆದರೆ, ಬರುವ ಉತ್ತರವು ನಾಳೆ ಯಾವ ನ್ಯಾಯಪೀಠದ ಮುಂದಾದರೂ ಹಾಜರುಪಡಿಸಬಹುದಾದ ದಾಖಲೆಯಾಗುತ್ತದೆ. ಅವಧಿಯೊಳಗೆ ಉತ್ತರ ಬರದಿದ್ದರೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಿಗೆ ಮತ್ತೆ ಮೂವತ್ತು ದಿನಗಳೊಳಗೆ ಮೊದಲ ಮೇಲ್ಮನವಿಯನ್ನು ಸಲ್ಲಿಸಬಹುದು.

ಇಷ್ಟೊಂದು ಎಚ್ಚರಿಕೆ ಏತಕ್ಕೆಂದರೆ, ಒಮ್ಮೆ ಪಡೆದ ಪದವಿಯೂ ಹಲವು ವರ್ಷಗಳ ಅನಂತರ ಕೈತಪ್ಪಬಹುದು. ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು ಸಂಬಂಧಪಟ್ಟ ಪ್ರಾಧಿಕಾರಗಳ ಪೂರ್ವಾನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ವಿಚಾರದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರ ನವೆಂಬರಿನಲ್ಲಿ ತೀರ್ಪುಕೊಟ್ಟು, 2001ರಿಂದ 2005ರವರೆಗೆ ಸೇರಿದವರ ಪದವಿಗಳನ್ನು ಅಮಾನತಿನಲ್ಲಿಟ್ಟು ಹೊಸದಾಗಿ ಪರೀಕ್ಷೆ ಬರೆಯುವ ಅವಕಾಶವನ್ನು ಕಲ್ಪಿಸಿತು. ಆಮೇಲೆ ಸೇರಿದವರ ಪದವಿಗಳನ್ನು ರದ್ದುಗೊಳಿಸಿತು. ಅಷ್ಟರಲ್ಲಿ ಅವರಲ್ಲಿ ಅನೇಕರು ಅದೇ ಪದವಿಯಿಂದ ಉದ್ಯೋಗವನ್ನೂ ಬಡ್ತಿಯನ್ನೂ ಪಡೆದಿದ್ದರು. ಅನುದಾನ ಆಯೋಗವು ತಡವಾಗಿ ಕೊಟ್ಟ ಒಪ್ಪಿಗೆಯೂ ಅವರನ್ನು ಕಾಪಾಡಲಿಲ್ಲ. ಶುಶ್ರೂಷೆಯಲ್ಲಿ ಜೀವದ ಹೊಣೆ ಇರುವುದರಿಂದ ನ್ಯಾಯಾಲಯವು ಇದಕ್ಕಿಂತ ಸಡಿಲವಾದ ದೃಷ್ಟಿಯನ್ನು ತಳೆಯುತ್ತದೆಂದು ನಿರೀಕ್ಷಿಸಲಾಗದು.

ಮೋಸಹೋದವರಿಗೆ ಪರಿಹಾರವಿಲ್ಲವೆಂದಲ್ಲ. ಬಿಹಾರದ ದಂತವೈದ್ಯ ಕಾಲೇಜೊಂದು ವಿಶ್ವವಿದ್ಯಾಲಯದ ಸಂಯೋಜನೆಯೂ ದಂತವೈದ್ಯ ಪರಿಷತ್ತಿನ ಮಾನ್ಯತೆಯೂ ತನಗಿದೆಯೆಂದು ಜಾಹೀರಾತು ಕೊಟ್ಟು ವಿದ್ಯಾರ್ಥಿಗಳನ್ನು ಸೇರಿಸಿಕೊಂಡ ಪ್ರಕರಣದಲ್ಲಿ, ಅವರಿಗೆ ಶುಲ್ಕವನ್ನು ಬಡ್ಡಿಸಹಿತ ಹಿಂತಿರುಗಿಸಿ ಪರಿಹಾರವನ್ನೂ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಎತ್ತಿಹಿಡಿಯಿತು. ಶಿಕ್ಷಣವು ಗ್ರಾಹಕ ಕಾನೂನಿನ ‘ಸೇವೆ’ಯೇ ಅಲ್ಲವೆಂಬ ತೀರ್ಪುಗಳೂ ಆಮೇಲೆ ಬಂದಿರುವುದರಿಂದ ಈ ಮಾರ್ಗದಲ್ಲಿ ವಿವಾದವುಂಟು, ಆದರೆ ಪ್ರವೇಶ ಮಾಡಿಸಿಕೊಡುವೆನೆಂದು ಹಣ ಪಡೆದ ದಲ್ಲಾಳಿಯು ಶಿಕ್ಷಣಸಂಸ್ಥೆಯ ಮರೆಯಲ್ಲಿ ಅವಿತುಕೊಳ್ಳಲಾರನೆಂಬುದು ನನ್ನ ದೃಢವಾದ ಅಭಿಪ್ರಾಯ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುವ ಅವಧಿ ಎರಡು ವರ್ಷ; ಕೊಟ್ಟ ಹಣವು ಐದು ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ನೇಮಿಸಲೇಬೇಕೆಂಬ ನಿರ್ಬಂಧವೂ ಇಲ್ಲ. ನಕಲಿ ಪ್ರಮಾಣಪತ್ರ ಕೊಟ್ಟಿದ್ದರೆ ಅಥವಾ ಆರಂಭದಿಂದಲೇ ವಂಚಿಸುವ ಉದ್ದೇಶವಿದ್ದರೆ ಭಾರತೀಯ ನ್ಯಾಯ ಸಂಹಿತೆಯ 318ನೆಯ ಪ್ರಕರಣದಡಿಯಲ್ಲಿ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬಹುದು. ಈ ಎಲ್ಲಕ್ಕೂ ಆಧಾರವಾಗತಕ್ಕವು ರಸೀದಿ, ಬ್ಯಾಂಕಿನ ಲೆಕ್ಕ, ವಾಟ್ಸ್ಆ್ಯಪ್ ಸಂದೇಶಗಳು. ಆದುದರಿಂದ ನಗದಾಗಿ ಕೊಡದೆ ಬ್ಯಾಂಕಿನ ಮೂಲಕವೇ ಪಾವತಿ ಮಾಡಬೇಕು, ಸಂದೇಶಗಳನ್ನು ಅಳಿಸಕೂಡದು.

ಮಾನ್ಯತೆಯುಳ್ಳ ಸಂಸ್ಥೆಯಲ್ಲಿಯೇ ಅಂಕಪಟ್ಟಿ ತಡವಾಗುವುದು, ಪ್ರಾಯೋಗಿಕ ಪರೀಕ್ಷೆಯ ಅಂಕಗಳು ಸೇರದಿರುವುದು ಮುಂತಾದ ಕುಂದುಕೊರತೆಗಳು ಬಂದರೆ, ಅನುದಾನ ಆಯೋಗದ 2023ರ ನಿಯಮಾವಳಿಯಂತೆ ಸಂಸ್ಥೆಯ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೂ ಅಲ್ಲಿಂದ ಓಂಬುಡ್ಸ್‌ಪರ್ಸನ್ನರಿಗೂ ಹೋಗುವ ದಾರಿಯಿದೆ. ನ್ಯಾಯಾಲಯದ ಖರ್ಚಿಗೆ ಹೆದರಿ ಸುಮ್ಮನಾಗುವ ಸೋದರಿಯರು ಒಂದು ಸಂಗತಿಯನ್ನು ಅಗತ್ಯವಾಗಿ ತಿಳಿದಿರಬೇಕು: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಪ್ರಕರಣದಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಸಂಬಳ ಪಡೆಯುವ ಶುಶ್ರೂಷಕಿಯೂ ಇದಕ್ಕೆ ಹೊರತಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಬಿಳಿಯ ಹಾಳೆಯ ಮೇಲೆ ಕನ್ನಡದಲ್ಲಿ ಬರೆದುಕೊಟ್ಟರೂ ಸಾಕು. 15100 ಎಂಬ ಸಹಾಯವಾಣಿಗೆ ಕರೆ ಮಾಡಿಯೂ ವಿಚಾರಿಸಬಹುದು.

ಪದವಿಯ ಪ್ರಮಾಣಪತ್ರ ಕೈಗೆ ಬಂದೊಡನೆ ಕೆಲಸ ಮುಗಿಯಿತೆಂದು ಭಾವಿಸಿ ಅದನ್ನು ಪೆಟ್ಟಿಗೆಯಲ್ಲಿಡುವವರೂ ಇದ್ದಾರೆ. ಅದನ್ನು ಹೆಚ್ಚುವರಿ ಅರ್ಹತೆಯಾಗಿ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿ, ರಾಷ್ಟ್ರೀಯ ದಾಖಲೆಯಲ್ಲಿರುವ ತಮ್ಮ ಎನ್.ಯು.ಐ.ಡಿ. ಸಂಖ್ಯೆಗೆ ಸೇರಿಸಿ, ಸರ್ಕಾರಿ ನೌಕರರಾದರೆ ಸೇವಾಪುಸ್ತಕದಲ್ಲಿ ನಮೂದು ಮಾಡಿಸಿ, ಆ ಪುಟದ ಪ್ರತಿಯನ್ನು ಕೇಳಿ ಪಡೆಯಬೇಕು. ಬಡ್ತಿಯ ಜ್ಯೇಷ್ಠತಾಪಟ್ಟಿ ಸಿದ್ಧವಾಗುವಾಗಲೂ, ಮುಂದೆ ಒಂದು ವರ್ಷದ ಸೇವಾನುಭವದೊಡನೆ ಎಂ.ಎಸ್‌ಸಿ. ನರ್ಸಿಂಗಿಗೆ ಅರ್ಜಿ ಸಲ್ಲಿಸುವಾಗಲೂ, ಮೇಜಿನ ಆಚೆ ಕುಳಿತ ಗುಮಾಸ್ತರು ಮೊದಲು ತೆರೆದು ನೋಡುವುದು ಈ ನಮೂದುಗಳನ್ನೇ.